ಚನ್ನಗಿರಿಯ ಕ್ಯಾಚು

ತನ್ನ ಹೆಸರನ್ನು ತಾನೇ ಅಚ್ಚು ಹಾಕಿಕೊಳ್ಳುವ ದಿನ ಬರುತ್ತದೆಂದು ರೇಣುಕಪ್ರಸಾದ್ ಎಂದೂ ಎಣಿಸಿರಲಿಲ್ಲ. ಬೆಳಗಿನಿಂದ ಅವನು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು ಇದು, ಮತ್ತು ಇದು ಸುಳ್ಳು. ಹದಿನೇಳು ವರ್ಷದಿಂದ ನ್ಯಾಮತಿಯ ಬಸ್‌ಸ್ಟ್ಯಾಂಡಿನ ಹತ್ತಿರ ಶೀಲ್ಡು, ಮೊಮೆಂಟೊ, ಶಾಲು, ಪೇಟಗಳ ಅಂಗಡಿ ಇಟ್ಟುಕೊಂಡು ತಾಲ್ಲೂಕಿನ ಗಣ್ಯರ ಹೆಸರನ್ನೆಲ್ಲ ಅಚ್ಚು ಹಾಕಿಕೊಟ್ಟವನಿಗೆ, ಒಂದಲ್ಲ ಒಂದು ದಿನ ತನ್ನದೂ ಬರಲಿ ಎಂದು ಅನ್ನಿಸದೆ ಇರುತ್ತದೆಯೇ. ಅನ್ನಿಸಿತ್ತು. ಅಕ್ಷರ ಎಷ್ಟು ದಪ್ಪವಿರಬೇಕು, ಸುತ್ತ ಬಳ್ಳಿ ಬೇಕೋ ಬೇಡವೋ ಎಂಬುದನ್ನೂ ಯೋಚಿಸಿಟ್ಟಿದ್ದ. ಅವನ ಕಂಪ್ಯೂಟರಿನಲ್ಲಿ ಬಿರುದುಗಳ ಒಂದು ಫೈಲಿತ್ತು: ಅಗ್ರಗಣ್ಯ, ಅಜಾತಶತ್ರು, ಅಪ್ರತಿಮ ಎಂದು ಅಕಾರಾದಿಯಾಗಿ. ಗಿರಾಕಿಗಳು ಬಂದು, ಹೋಟೆಲಿನಲ್ಲಿ ತಿಂಡಿ ಕೇಳಿದ ಹಾಗೆ, ಏನೇನಿದೆ ಹೇಳಿ ಎನ್ನುತ್ತಿದ್ದರು. ಅತಿ ಹೆಚ್ಚು ಖರ್ಚಾಗುವುದು ಅಜಾತಶತ್ರು. ಅಣ್ಣತಮ್ಮಂದಿರ ಮೇಲೆ ಮೂರು ಮೂರು ಕೇಸು ಹಾಕಿದವರಿಗೆಲ್ಲ ಅದನ್ನೇ ಒಯ್ಯುತ್ತಿದ್ದರು. ಬಸವಾಪಟ್ಟಣದ ಒಬ್ಬ ಯಜಮಾನರಿಗೆ ಒಂದೇ ವರ್ಷದಲ್ಲಿ ನಾಲ್ಕು ಸಂಘದವರು ನಾಲ್ಕು ಅಜಾತಶತ್ರು ಕೊಟ್ಟಿದ್ದರು. ಇಷ್ಟೆಲ್ಲ ಕಂಡವನಿಗೆ ಇಂಥ ಗಾಜಿನ ತುಂಡುಗಳ ಮೇಲೆ ತಿರಸ್ಕಾರ ಹುಟ್ಟಬೇಕಿತ್ತು. ಹುಟ್ಟಿಯೂ ಇತ್ತು. ಆದರೆ ತಿರಸ್ಕಾರವಿದ್ದ ಮಾತ್ರಕ್ಕೆ ಆಸೆ ಹೋಗುವುದಿಲ್ಲ ಎಂಬುದು ಈ ಹನ್ನೊಂದು ದಿನಗಳಲ್ಲಿ ಅವನಿಗೆ ಗೊತ್ತಾಗಿತ್ತು.

ಹನ್ನೊಂದು ದಿನದ ಹಿಂದೆ ಪಂಚಾಕ್ಷರಪ್ಪ ಅಂಗಡಿಗೆ ಬಂದಿದ್ದ. ಅಡಿಕೆ ವ್ಯಾಪಾರಿ, ಇವನ ಹೈಸ್ಕೂಲು ಸಹಪಾಠಿ, ಈಗ ಅವರ ಎಸ್ಸೆಸ್ಸೆಲ್ಸಿ ಬ್ಯಾಚಿನ ಗುರುವಂದನಾ ಸಮಿತಿಯ ಅಧ್ಯಕ್ಷ. ಹಳೆಯ ಮೇಷ್ಟ್ರುಗಳನ್ನೆಲ್ಲ ತೆರೆದ ಜೀಪಿನಲ್ಲಿ ಕೂರಿಸಿ, ಮೆರವಣಿಗೆ ಮಾಡಿ, ಹೂವು ಎರಚಿ ಕಾಲಿಗೆ ಬೀಳುವ ಈ ಪದ್ಧತಿ ಸುತ್ತಲಿನ ಊರುಗಳಲ್ಲೆಲ್ಲ ಹಬ್ಬಿದೆ. ಹೊನ್ನಾಳಿಯವರು ಡೊಳ್ಳು ತರಿಸಿದ್ದರಿಂದ ನ್ಯಾಮತಿಯವರು ಡೊಳ್ಳಿನ ಜತೆ ನಾಸಿಕ್ ಬ್ಯಾಂಡನ್ನೂ ತರಿಸಬೇಕಾಗಿ ಬಂದಿತ್ತು. ಮೇಷ್ಟ್ರುಗಳಿಗೆ ಏಳು ಮೊಮೆಂಟೊ ಹೇಳಿದ ಪಂಚಾಕ್ಷರಪ್ಪ ಎಂಟನೆಯದೊಂದನ್ನು ಸೇರಿಸಿದ್ದ. "ನಮ್ ಬೇಸ್‌ಬಾಲ್ ಟೀಮಿನ ನಿಜವಾದ ಶ್ರೇಷ್ಠ ಆಟಗಾರ, ಅಂತ ಹಾಕು. ಹೆಸರು ಖಾಲಿ ಬಿಡು. ಮೀಟಿಂಗಲ್ಲಿ ತೀರ್ಮಾನ ಆಗ್ಲಿ. ನಿಂದೇ ಅಂತ ನಂಗೊತ್ತು, ಆದ್ರೂ ನಾಲ್ಕ್ ಜನ ಹೇಳ್ಬೇಕಲ್ಲ." ಉಳಿದ ಏಳೂ ತಯಾರಾಗಿ ಡಬ್ಬಿ ಸೇರಿದ್ದವು. ಎಂಟನೆಯದು ಹೆಸರಿಲ್ಲದೆ ಕೌಂಟರಿನ ಮೇಲೆ ಕೂತಿತ್ತು. ಮೀಟಿಂಗು ಇವತ್ತು ಸಂಜೆ ನಾಲ್ಕಕ್ಕೆ.

ಬೇಸ್‌ಬಾಲ್ ಈ ಊರಿಗೆ ಬಂದದ್ದು ತೊಂಬತ್ತೆಂಟರಲ್ಲಿ, ಒಂದು ಮರದ ಪೆಟ್ಟಿಗೆಯಲ್ಲಿ. ಇಲಾಖೆಯಿಂದ ಬಂದ ಪೆಟ್ಟಿಗೆಯೊಳಗೆ ಎರಡು ಬ್ಯಾಟು, ಒಂಬತ್ತು ಗ್ಲೌಸು, ಒಂದು ಡಜನ್ ಬಾಲು, ಒಂದು ಇಂಗ್ಲಿಷ್ ಪುಸ್ತಕ. ಪುಸ್ತಕದ ಕೊನೆಯ ಹಾಳೆಗಳನ್ನು ಇಲಾಖೆಯ ಉಗ್ರಾಣದಲ್ಲೇ ಗೆದ್ದಲು ತಿಂದಿತ್ತು. ಪಿ.ಟಿ. ಮೇಷ್ಟ್ರು ಜಂಪಣ್ಣನವರು ಗೆದ್ದಲು ಬಿಟ್ಟದ್ದನ್ನು ಓದಿ, ಬಿಡದೆ ಹೋದದ್ದನ್ನು ಕ್ರಿಕೆಟ್ಟಿನಿಂದಲೂ ಲಗೋರಿಯಿಂದಲೂ ತುಂಬಿಸಿ ಕಲಿಸಿದರು. ಜಿಲ್ಲೆಯಲ್ಲಿ ಆ ಆಟದ ಮೂರು ದಿನದ ತರಬೇತಿಗೆ ಹೋಗಿ ಬಂದವರು ಅವರೊಬ್ಬರೇ ಆದ್ದರಿಂದ, ಜಿಲ್ಲಾ ಫೈನಲ್ಲಿಗೆ ತಮ್ಮದೇ ತಂಡದ ಆಟಕ್ಕೆ ಅಂಪೈರಾಗಿ ನಿಂತವರೂ ಅವರೇ. ಇದರಲ್ಲಿ ಯಾರಿಗೂ ತಪ್ಪು ಕಂಡಿರಲಿಲ್ಲ. ಮದುವೆಗೆ ಹುಡುಗನ ಸೋದರಮಾವನೇ ಪುರೋಹಿತನಾದರೆ ಯಾರಾದರೂ ಆಕ್ಷೇಪಿಸುತ್ತಾರೆಯೇ. ಚನ್ನಗಿರಿಯ ಮೈದಾನದಲ್ಲಿ ಜಗಳೂರಿನ ಮೇಲೆ ನ್ಯಾಮತಿ ಒಂದೇ ಒಂದು ರನ್ನಿನಿಂದ ಗೆದ್ದಿತು. ಅದಾದ ಮೇಲೆ ಆ ಶಾಲೆಯಲ್ಲಿ ಯಾರೂ ಬೇಸ್‌ಬಾಲ್ ಆಡಲಿಲ್ಲ. ಇಪ್ಪತ್ತಾರು ವರ್ಷ ಅದರ ಬಗ್ಗೆ ಮಾತಾಡಿದರು.

ಮಾತು ಈ ಹನ್ನೊಂದು ದಿನಗಳಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ಕಾವೇರಿತ್ತು. ಹೆಸರು ಎರಡೇ. ಬಾಲು ಎಸೆಯುತ್ತಿದ್ದ ಬೀರಲಿಂಗಪ್ಪ, ಕೊನೆಯ ಕ್ಯಾಚು ಹಿಡಿದ ರೇಣುಕಪ್ರಸಾದ್. ಬೀರಲಿಂಗಪ್ಪ ಅವತ್ತು ಜಗಳೂರಿನ ಹುಡುಗರನ್ನು ಹನ್ನೊಂದು ಸಲ ಬ್ಯಾಟಿಗೆ ಬಾಲೇ ತಾಗದಂತೆ ವಾಪಸು ಕಳಿಸಿದ್ದ. "ಬೀರನದು ಬರೀ ಬಿಲ್ಡಪ್. ಜಗಳೂರಿನೋರಿಗೆ ಬ್ಯಾಟ್ ಹಿಡಿಯಾಕೆ ಬರ್ತಿರ್ಲಿಲ್ಲ, ಯಾರ್ ಎಸೆದಿದ್ರೂ ಔಟೇ," ಎಂದು ಪಂಚಾಕ್ಷರಪ್ಪ ಬರೆದಿದ್ದ. ಅವನು ಈಗೀಗ ಬೆಳಿಗ್ಗೆ ಐದಕ್ಕೆ ಎದ್ದು ಮೊಬೈಲಿನಲ್ಲಿ ಅಮೆರಿಕದ ಪಂದ್ಯಗಳನ್ನು ನೋಡುತ್ತಿದ್ದ. ಅಲ್ಲಿನ ದೊಡ್ಡ ದೊಡ್ಡ ಆಟಗಾರರನ್ನೂ ಅಡಿಕೆಯ ಹಾಗೆ ಎರಡು ಬೆರಳಲ್ಲಿ ಒತ್ತಿ ನೋಡಿ, ಇದು ರಾಶಿ, ಇದು ಬೆಟ್ಟೆ, ಇದು ಗೊರಬಲು ಎಂದು ವಿಂಗಡಿಸಿ ಗ್ರೂಪಿಗೆ ಹಾಕುತ್ತಿದ್ದ. ಎಸೆಯೋದು ಕೆಲಸ, ಹಿಡಿಯೋದು ಪುಣ್ಯ, ಶ್ರೇಷ್ಠತೆ ಅನ್ನೋದು ಪುಣ್ಯದಲ್ಲೈತೆ ಎಂಬುದು ಅವನ ಸಿದ್ಧಾಂತ. ಅದಕ್ಕೆ ಹದಿನೆಂಟು ಜನ ಹೆಬ್ಬೆಟ್ಟು ಒತ್ತಿದ್ದರು. ಅವರಲ್ಲಿ ಎಷ್ಟು ಜನ ಅವನ ಮಂಡಿಗೆ ಅಡಿಕೆ ಹಾಕುವವರು ಎಂದು ರೇಣುಕಪ್ರಸಾದನಿಗೆ ಗೊತ್ತಿತ್ತು. ಗೊತ್ತಿದ್ದೂ ಹೆಬ್ಬೆಟ್ಟುಗಳನ್ನು ಎರಡು ಸಲ ನೋಡಿದ್ದ. ಕ್ಯಾಚಿನ ಬಗ್ಗೆ ಬಂದ ವಾಯ್ಸ್ ಮೆಸೇಜುಗಳನ್ನು ಮಾತ್ರ ಒಂದನ್ನೂ ಕೇಳಿರಲಿಲ್ಲ. ಯಾರಾದರೂ ಎದುರೆದುರೇ ಆ ಕ್ಯಾಚಿನ ಮಾತು ತೆಗೆದರೆ, ಬಿಡಪ್ಪ ಅದೆಲ್ಲ ಎಂದು ಎದ್ದು ಚಹಾ ಹೇಳಲು ಹೋಗುತ್ತಿದ್ದ. ಎಂಥ ವಿನಯ ನೋಡ್ರಿ ಎಂದು ಹಿಂದಿನಿಂದ ಕೇಳಿಸುತ್ತಿತ್ತು. ಹೀಗೆ ಆಡುವುದು ಬಿಟ್ಟ ಮೇಲೂ ಅವನ ಕೀರ್ತಿ ವರ್ಷದಿಂದ ವರ್ಷಕ್ಕೆ ಬೆಳೆದಿತ್ತು.

ಕರೆಂಟು ಹೋಯಿತು. ಫ್ಯಾನು ನಿಂತು ಅಂಗಡಿಯಲ್ಲಿ ಸೆಕೆಯಾಯಿತು. ಬಾಗಿಲಿಗೆ ಬಂದು ನೋಡಿದರೆ ಎದುರಿನ ಕಂಬದ ಮೇಲೆ ಬೀರಲಿಂಗಪ್ಪ. ಅವನು ಈ ಊರಿಗೇ ಲೈನ್‌ಮನ್ ಆಗಿ ಬಂದು ಆರು ವರ್ಷವಾಗಿದೆ. ಸೊಂಟಕ್ಕೆ ಬೆಲ್ಟು ಬಿಗಿದು, ಒಂದು ಕಾಲು ಮೇಲಿಟ್ಟು, ಎಡಗೈಯಲ್ಲಿ ಕಟಿಂಗ್ ಪ್ಲೇಯರ್ ಹಿಡಿದು ತಂತಿ ತಿರುಚುತ್ತಿದ್ದ. ಬಾಲು ಎಸೆಯುತ್ತಿದ್ದ ಅದೇ ಎಡಗೈ. ರೇಣುಕಪ್ರಸಾದ್ ಒಳಗೆ ಸರಿದು ಶಾಲುಗಳ ರಾಶಿಯ ಹಿಂದೆ ನಿಂತ. ಅಲ್ಲಿಂದ ಇವನಿಗೆ ಕಂಬ ಕಾಣುತ್ತಿತ್ತು, ಕಂಬಕ್ಕೆ ಇವನು ಕಾಣುವುದಿಲ್ಲ ಎಂದುಕೊಂಡಿದ್ದ. ತನ್ನ ಸ್ವಂತ ಅಂಗಡಿಯಲ್ಲಿ ಹೀಗೆ ಕದ್ದು ನಿಲ್ಲುವುದು ಆರು ವರ್ಷದಲ್ಲಿ ಎಷ್ಟನೆಯ ಸಲವೋ. ಹೊಸ ಮನೆಗೆ ಮೀಟರು ಹಾಕಲು ಬೀರಲಿಂಗಪ್ಪ ಬಂದಾಗ ಇವನು ಹಿತ್ತಲಿಗೆ ಹೋಗಿ, ಹೆಂಡತಿ ಪ್ರೇಮಲತಾಳಿಂದ ಮಾತಾಡಿಸಿದ್ದ. ಗೃಹಪ್ರವೇಶದ ಪತ್ರಿಕೆಯನ್ನು ಕೈಗೆ ಕೊಡದೆ, ಕರೆಂಟ್ ಆಫೀಸಿನ ಮೇಜಿನ ಮೇಲೆ ಅವನಿಲ್ಲದ ಹೊತ್ತು ನೋಡಿ ಇಟ್ಟು ಬಂದಿದ್ದ. ಬೀರಲಿಂಗಪ್ಪ ಬರಲಿಲ್ಲ. ಬರದಿದ್ದುದಕ್ಕೆ ಇವನಿಗೆ ಮೊದಲು ನಿರಾಳವಾಯಿತು, ಆಮೇಲೆ ಸಿಟ್ಟು ಬಂತು.

ಹೀಗೆ ತಪ್ಪಿಸಿಕೊಳ್ಳುತ್ತಿದ್ದದ್ದು ಯಾಕೆಂದರೆ, ಬೀರಲಿಂಗಪ್ಪನೊಬ್ಬನೇ ಅದನ್ನು ನೋಡಿದ್ದ. ಜಗಳೂರಿನ ಉದ್ದ ಕಾಲಿನ ಹುಡುಗ ಹೊಡೆದ ಬಾಲು ಮೇಲೆ, ಮೇಲೆ, ಚನ್ನಗಿರಿಯ ಬಿಸಿಲಿನೊಳಗೆ ಹೋಗಿ ಕಾಣೆಯಾಗಿತ್ತು. ಕಾಂಪೌಂಡಿನ ಹತ್ತಿರ ನಿಂತಿದ್ದ ಇವನು ಓಡಿದ. ಕಣ್ಣೆದುರು ಬರೀ ಬೆಳಕು. ಪಂದ್ಯಕ್ಕೆ ಮುಂಚೆ ಹೆದರಿ ಗೋಡೆಯ ಆಚೆ ಹೋಗಿ ವಾಂತಿ ಮಾಡಿಕೊಂಡು ಬಂದಿದ್ದರಿಂದ ಬಾಯಿಯೆಲ್ಲ ಹುಳಿ. ಬಾಲು ನೆಲಕ್ಕೆ ಬಿತ್ತು. ಒಂದು ಕಲ್ಲಿಗೆ ತಾಗಿ ಎಡಕ್ಕೆ ಎಗರಿತು, ಹೆಚ್ಚೆಂದರೆ ಒಂದು ಗೇಣು. ಆಗ ಬೋರಲು ಬಿದ್ದವನ ಗ್ಲೌಸಿನೊಳಗೆ ಅದು ತಾನಾಗಿ ಬಂದು ಕೂತಿತು. ಎದೆಯ ಕೆಳಗೆ ಧೂಳು. ತಲೆಯೆತ್ತಿದಾಗ ಇಪ್ಪತ್ತು ಹೆಜ್ಜೆಯಾಚೆ, ತನ್ನ ಕಡೆಗೇ ಓಡಿ ಬರುತ್ತಿದ್ದ ಬೀರಲಿಂಗಪ್ಪ ನಿಂತುಬಿಟ್ಟಿದ್ದ. ಇಬ್ಬರ ಕಣ್ಣೂ ಸೇರಿದವು. ರೇಣುಕಪ್ರಸಾದ್ ಕೈ ಎತ್ತಿದ. ದೂರದಲ್ಲಿ ಜಂಪಣ್ಣ ಮೇಷ್ಟ್ರು ಬೆರಳೆತ್ತಿದರು. ಆಮೇಲೆ ಹೆಗಲ ಮೇಲೆ ಹೊತ್ತರು, ಯಾರೋ ತಲೆಗೆ ಕೊಡ ನೀರು ಸುರಿದರು. ಎತ್ತಿದ ಆ ಕೈಯಿಂದಾಗಿ ರಾಜ್ಯ ತಂಡಕ್ಕೆ ಅವನ ಹೆಸರು ಹೋಯಿತು, ಒಂದೇ ಜಾಗವಿತ್ತು. ಮೂರು ದಿನ ಬೆಂಚಿನ ಮೇಲೆ ಕೂತು, ಕೊನೆಯ ದಿನ ಹತ್ತು ನಿಮಿಷ ಮೈದಾನದಲ್ಲಿ ನಿಂತು, ಒಂದು ಬಾಲನ್ನೂ ಮುಟ್ಟದೆ ಸರ್ಟಿಫಿಕೇಟು ತಂದ. ಅದು ಕಾಲೇಜಿನ ಕ್ರೀಡಾ ಕೋಟಾಕ್ಕೆ ಆಯಿತು. ಬೀರಲಿಂಗಪ್ಪ ಐಟಿಐಗೆ ಹೋದ. ಯಾರಿಗೂ ಹೇಳಲಿಲ್ಲ.

ಯಾಕೆ ಹೇಳಲಿಲ್ಲ ಎಂಬುದನ್ನು ಇಪ್ಪತ್ತಾರು ವರ್ಷದಲ್ಲಿ ರೇಣುಕಪ್ರಸಾದ್ ನಾನಾ ರೀತಿ ಬಿಡಿಸಿದ್ದ. ದೊಡ್ಡ ಮನಸ್ಸು ಇರಬಹುದು, ಅಸಹ್ಯ ಇರಬಹುದು, ಸಮಯ ಕಾಯುತ್ತಿರಬಹುದು. ಮೊದಮೊದಲು ಈ ಯೋಚನೆ ಹಲ್ಲುನೋವಿನ ಹಾಗೆ ಇತ್ತು. ಬರುಬರುತ್ತಾ ಅದರ ಜತೆಗೊಂದು ಸಲಿಗೆ ಬೆಳೆಯಿತು. ಊರಿನಲ್ಲಿ ಬೇರೆ ಯಾರಿಗೂ ಒಳಗೊಂದು ಗಾಯವಿದ್ದಂತೆ ಅವನಿಗೆ ಕಾಣುತ್ತಿರಲಿಲ್ಲ. ಪಂಚಾಕ್ಷರಪ್ಪನಿಗೆ ಶುಗರ್ ಇತ್ತು, ಅಷ್ಟೆ. ತನಗೆ ಮಾತ್ರ ಒಂದು ಪಾಪವಿದೆ, ಅದನ್ನು ತಾನು ಮೌನವಾಗಿ ಹೊರುತ್ತಿದ್ದೇನೆ ಎಂಬುದು ಅವನನ್ನು ಶಾಲು ಪೇಟದ ಗಿರಾಕಿಗಳಿಂದ ಒಂದು ಮೆಟ್ಟಿಲು ಮೇಲೆ ನಿಲ್ಲಿಸುತ್ತಿತ್ತು. ಒಮ್ಮೊಮ್ಮೆ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಆ ತಪ್ಪೊಪ್ಪಿಗೆಯ ಮೊದಲ ವಾಕ್ಯವನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದ. ಗೆಳೆಯರೇ, ಇಂದು ನಾನೊಂದು ಸತ್ಯ ಹೇಳಬೇಕಾಗಿದೆ. ಗೆಳೆಯರೇ ಬೇಡ. ಸುಮ್ಮನೆ, ಒಂದು ಸತ್ಯ ಹೇಳಬೇಕಾಗಿದೆ.

ಫ್ಯಾನು ತಿರುಗಿತು. ಕಂಬ ಖಾಲಿಯಿತ್ತು. ಬಾಗಿಲಲ್ಲಿ ನೆರಳು ಬಿದ್ದು, "ಕರೆಂಟ್ ಬಂತಾ ನಿಮ್ದು?" ಎಂಬ ಧ್ವನಿ ಕೇಳಿತು. ಬೀರಲಿಂಗಪ್ಪ ಮೆಟ್ಟಿಲ ಕೆಳಗೇ ನಿಂತಿದ್ದ. ಶಾಲುಗಳ ಹಿಂದಿನಿಂದ ರೇಣುಕಪ್ರಸಾದ್, "ಹ್ಞೂಂ, ಬಂತು," ಎಂದ. "ನಾಲ್ಕಕ್ಕೆ ಮೀಟಿಂಗ್ ಐತಂತೆ. ಪ್ರಮೀಳಾ ಮೇಡಂ ಫೋನ್ ಮಾಡಿದ್ರು. ಬರ್ತೀನಿ ಅಂದೆ. ನೀವೂ ಬರ್ತೀರಲ್ಲ?" ಎಂದು ಅವನು ಕೇಳಿದ. ಬರ್ತೀನಿ ಎಂದು ಇವನು ಶಾಲುಗಳಿಗೆ ಹೇಳಿದ. ಬೀರಲಿಂಗಪ್ಪ ಪ್ಲೇಯರನ್ನು ಜೇಬಿಗೆ ಹಾಕಿಕೊಂಡು ಹೋದ. ಇವತ್ತು ಹೇಳುತ್ತಾನೆ, ಇಷ್ಟು ವರ್ಷ ಕಾದದ್ದೇ ಇದಕ್ಕೆ, ಎಲ್ಲರೆದುರು ಹೇಳುತ್ತಾನೆ ಎಂದು ರೇಣುಕಪ್ರಸಾದನಿಗೆ ಖಚಿತವಾಯಿತು. 

ಶಾಲೆಯ ವರಾಂಡದಲ್ಲಿ ಮಕ್ಕಳ ಬೆಂಚು ಹಾಕಿಕೊಂಡು ಎಂಟೊಂಬತ್ತು ಜನ ಕೂತಿದ್ದರು. ಎಲ್ಲರಿಗೂ ಹೊಟ್ಟೆ ಬಂದಿದ್ದರಿಂದ ಬೆಂಚು ಡೆಸ್ಕುಗಳ ನಡುವೆ ಹಿಡಿಯುತ್ತಿರಲಿಲ್ಲ, ಓರೆಯಾಗಿ ಕೂರಬೇಕಾಗಿತ್ತು. ನಾಸಿಕ್ ಬ್ಯಾಂಡು, ಊಟಕ್ಕೆ ಹೋಳಿಗೆಯೋ ಜಿಲೇಬಿಯೋ, ಜೀಪಿನಲ್ಲಿ ಹೆಡ್‌ಮಾಸ್ಟರು ಮುಂದೆಯೋ ಹಿಂದೆಯೋ ಎಲ್ಲ ಮುಗಿದು ಎಂಟನೆಯ ಮೊಮೆಂಟೊ ಬರುವ ಹೊತ್ತಿಗೆ ಬೀರಲಿಂಗಪ್ಪ ಖಾಕಿಯಲ್ಲೇ ಬಂದು ಕಂಬಕ್ಕೆ ಒರಗಿ ನಿಂತ. ಕೂತ್ಕೊ ಎಂದು ಒಬ್ಬರು ಹೇಳಿದರು. ಇರ್ಲಿ ಬಿಡ್ರಿ ಎಂದ.

"ಇದೇನ್ ಚರ್ಚೆ ಮಾಡೋದೈತೆ," ಎಂದ ಪಂಚಾಕ್ಷರಪ್ಪ. "ಎಸೆಯೋರು ಸಿಗ್ತಾರೆ. ಅಂಥ ಕ್ಯಾಚು ಅಮೆರಿಕದಾಗೂ ನಾನು ನೋಡಿಲ್ಲ. ಪ್ರಸಾದಂದು ಬರ್ಕಳ್ರಿ, ಮುಂದಿಂದು ನೋಡಾಣ."

ಪ್ರಮೀಳಾ ಬಿಡಲಿಲ್ಲ. ಅವಳು ಆ ಕಾಲದಲ್ಲಿ ಪಂದ್ಯದ ಸ್ಕೋರು ಬರೆಯುತ್ತಿದ್ದವಳು, ಈಗ ಉಬ್ರಾಣಿ ಕಡೆಯ ಶಾಲೆಯೊಂದರಲ್ಲಿ ಗಣಿತದ ಮೇಡಂ. "ಹನ್ನೊಂದು ಸಲ ಒಬ್ನೇ ಔಟ್ ಮಾಡಿದ್ದನ್ನ ನಾನೇ ಬರ್ದಿದೀನಿ. ಅದು ಪುಣ್ಯ ಅಲ್ಲ, ಲೆಕ್ಕ. ಒಂದು ಕ್ಯಾಚಿಗೆ ಇಷ್ಟು ಹೊಗಳೋದು ಜಾಸ್ತಿ ಆಯ್ತು. ಬೇಜಾರ್ ಮಾಡ್ಕೋಬೇಡಿ ಪ್ರಸಾದ್."

"ಬೀರ ಬಾಲ್ ಎಸೆದಿದ್ದು ಎಡಗೈಯಾಗೆ ಕಣಮ್ಮ. ಜಗಳೂರಿನೋರು ಎಡಗೈನೇ ನೋಡಿರ್ಲಿಲ್ಲ. ಅದರಾಗೆ ಇವನ ದೊಡ್ಡಸ್ತಿಕೆ ಏನು ಬಂತು?" ಎಂದ ಪಂಚಾಕ್ಷರಪ್ಪ.

"ಎಡಗೈ ಯಾರ್ದು ಮತ್ತೆ? ನಿಮ್ದಾ?"

ಎಲ್ಲರೂ ನಕ್ಕರು. ಬೀರಲಿಂಗಪ್ಪನೂ ನಕ್ಕ. ನಗುತ್ತಲೇ ಒಂದು ಹೆಜ್ಜೆ ಮುಂದೆ ಬಂದು, "ನಾನೊಂದು ಮಾತು ಹೇಳ್ಲಾ?" ಎಂದ. "ಆ ಕ್ಯಾಚಿನ ವಿಷಯ."

ರೇಣುಕಪ್ರಸಾದ್ ಎದ್ದು ನಿಂತ. ಡೆಸ್ಕಿಗೆ ತೊಡೆ ಬಡಿದು ನೋವಾಯಿತು. ತಿದ್ದಿ ತಿದ್ದಿ ಇಟ್ಟಿದ್ದ ವಾಕ್ಯ ಒಂದೂ ಬರಲಿಲ್ಲ. "ಅದು ಕ್ಯಾಚೇ ಅಲ್ಲ," ಎಂದ. "ಬಾಲು ನೆಲಕ್ಕೆ ಬಿದ್ದಿತ್ತು. ಒಂದು ಪಿಚ್ ಆಗಿ ಕೈಗೆ ಬಂತು. ನಾನು ಮುಚ್ಚಿಟ್ಟೆ. ಬೀರಲಿಂಗಪ್ಪ ನೋಡಿದ್ದ, ಅವನೂ ಹೇಳ್ಲಿಲ್ಲ. ಮೊಮೆಂಟೊ ಅವನಿಗೇ ಕೊಡ್ರಿ." ಹೇಳುವಾಗ ಧ್ವನಿ ನಡುಗಿತು. ಆ ನಡುಕ ಚೆನ್ನಾಗಿದೆ ಎಂದು ಒಳಗೊಬ್ಬ ಗಮನಿಸಿದ. ಇಪ್ಪತ್ತಾರು ವರ್ಷದ ಭಾರ ಇಳಿಯಿತು, ಈಗ ಇವರೆಲ್ಲ ತಲೆ ತಗ್ಗಿಸುತ್ತಾರೆ ಎಂದುಕೊಂಡು ತಾನೇ ತಲೆ ತಗ್ಗಿಸಿ ಕಾದ.

"ಅದಕ್ಕೇನೀಗ?" ಎಂದ ಪಂಚಾಕ್ಷರಪ್ಪ.

ರೇಣುಕಪ್ರಸಾದ್ ತಲೆಯೆತ್ತಿದ.

"ಪಿಚ್ ಬಿದ್ದಿದ್ದು ಎಲ್ರಿಗೂ ಕಾಣ್ತಲ್ಲಪ್ಪ. ಧೂಳೆದ್ದಿತ್ತು. ಕಲ್ಲಿಗೆ ತಾಗಿ ಎಡಕ್ಕೆ ಎಗರಿದ್ದನ್ನ ಒಂದೇ ಕೈಯಾಗೆ ಹಿಡಿದೆಯಲ್ಲ, ಅದಕ್ಕೇ ತಾನೆ ನಾನು ಇಷ್ಟು ವರ್ಷ ಬಾಯಿ ಬಡ್ಕಳ್ತಿರೋದು?"

"ಒನ್ ಪಿಚ್, ಒನ್ ಹ್ಯಾಂಡ್ ಔಟ್," ಎಂದಳು ಪ್ರಮೀಳಾ, ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಧ್ವನಿಯಲ್ಲಿ. "ಟಾಸ್ ಹಾಕೋಕೆ ಮುಂಚೆ ಜಂಪಣ್ಣ ಮೇಷ್ಟ್ರು ಎರಡೂ ಟೀಮನ್ನ ನಿಲ್ಲಿಸ್ಕೊಂಡು ಹೇಳಿದ್ರಲ್ಲ. ಮೈದಾನ ಕಲ್ಲು, ಪುಸ್ತಕದಲ್ಲಿ ಆ ಹಾಳೆ ಇಲ್ಲ, ಅದಕ್ಕೆ ನಮ್ಮ ಓಣಿ ಕ್ರಿಕೆಟ್ ರೂಲೇ ಇರ್ಲಿ ಅಂತ. ಜಗಳೂರಿನೋರೂ ಹ್ಞೂಂ ಅಂದಿದ್ರು. ನೀವಿರಲಿಲ್ವಾ?"

ಇರಲಿಲ್ಲ. ಗೋಡೆಯ ಆಚೆ ಬಗ್ಗಿ ನಿಂತಿದ್ದ. ಯಾರೋ ಅದನ್ನೂ ನೆನಪಿಸಿಕೊಂಡು, ಇವನು ಆಗ ವಾಂತಿ ಮಾಡ್ತಿದ್ದ ಕಣ್ರೀ ಎಂದರು. ವರಾಂಡ ನಗೆಯಲ್ಲಿ ಮುಳುಗಿತು. ಪಾಪ, ಇಪ್ಪತ್ತಾರು ವರ್ಷ, ಹೇಳಿದ್ರೆ ಆಗ್ತಿರ್ಲಿಲ್ವೇನೋ ಎಂದು ಒಬ್ಬ ಕಣ್ಣೊರೆಸಿಕೊಂಡ. ರೇಣುಕಪ್ರಸಾದನಿಗೆ ಮೈಯೆಲ್ಲ ಖಾಲಿಯಾದಂತಾಯಿತು. ಅವನು ಅಷ್ಟು ಜತನವಾಗಿ ಸಾಕಿದ ಪಾಪವನ್ನು ಇವರು ಟಾಸಿಗೆ ಮುಂಚೆಯೇ ಮಾಫಿ ಮಾಡಿಬಿಟ್ಟಿದ್ದರು. ಅವಮಾನವೆಂದರೆ, ತಾನು ಮೋಸ ಮಾಡಿಲ್ಲವೆಂದು ತಿಳಿದಾಗ ಅವನಿಗೆ ಸಂತೋಷವಾಗಲಿಲ್ಲ. ಮೋಸ ಮಾಡಲಿಲ್ಲ, ಆದರೆ ಮೋಸ ಎಂದುಕೊಂಡೇ ಕೈ ಎತ್ತಿದ್ದೆ, ಅದಕ್ಕೆ ಏನನ್ನುತ್ತೀರಿ ಎಂದು ಕೇಳಬೇಕೆನ್ನಿಸಿತು. ಅಷ್ಟು ಸೂಕ್ಷ್ಮ ಹೊನ್ನಾಳಿ ನ್ಯಾಮತಿಯ ಮಧ್ಯೆ ಯಾರಿಗೆ ಬೇಕು.

"ಆಟ ಒಂದು ಕಡೆ, ಈ ಗುಣ ಒಂದು ಕಡೆ," ಎಂದು ಪಂಚಾಕ್ಷರಪ್ಪ ಗಂಟಲು ಸರಿಮಾಡಿಕೊಂಡ. "ಇಲ್ಲದ ತಪ್ಪನ್ನೂ ಒಪ್ಪಿಕೊಂಡ. ಇವನಲ್ಲದೆ ಇನ್ಯಾರ್ರೀ ಶ್ರೇಷ್ಠ? ಏನ್ ಬೀರಲಿಂಗಪ್ಪ? ನೀನೂ ಏನೋ ಹೇಳ್ತಿದ್ದೆಯಲ್ಲ ಕ್ಯಾಚಿನ ವಿಷಯ."

"ಅದೇ. ಮೊಮೆಂಟೊ ಅವ್ರಿಗೇ ಕೊಡ್ರಿ ಅಂತ ಹೇಳಾಕೆ ಬಂದೆ. ಅವತ್ತು ಅಂಥ ಕ್ಯಾಚು ನೋಡಿ ನಾನು ಓಡೋದು ಮರ್ತು ನಿಂತ್‌ಬಿಟ್ಟಿದ್ದೆ."

ಬೇಡ ಎಂದು ರೇಣುಕಪ್ರಸಾದ್ ಅಂದದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪ್ರಮೀಳಾ ಮಾತ್ರ ಬೇಸರದಿಂದ ಮೀಟಿಂಗಿನ ಪುಸ್ತಕ ಮುಚ್ಚಿದಳು. ಚಪ್ಪಾಳೆಯಾಯಿತು, ಎದ್ದರು. ಬೆಂಚುಗಳು ಕಿರ್ರೆಂದವು. ಆ ಗದ್ದಲದ ನಡುವೆ ಬೀರಲಿಂಗಪ್ಪ ಹತ್ತಿರ ಬಂದು ನಿಂತ. ಶಾಲೆ ಬಿಟ್ಟ ಮೇಲೆ ಅವನ ಮುಖವನ್ನು ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು. ಮೀಸೆಯಲ್ಲಿ ಬಿಳಿ ಬಂದಿತ್ತು.

"ಹಂಗಾರೆ ಅದಕ್ಕೇನಾ?" ಎಂದ.

"ಯಾವುದಕ್ಕೆ?"

"ನನ್ನ ಕಂಡ್ರೆ ನೀವು ಒಳಗೆ ಹೋಗ್ತಿದ್ದದ್ದು. ಮೀಟ್ರು ಹಾಕಾಕೆ ಬಂದಾಗ ಹಿತ್ತಲಿಗೆ ಹೋದ್ರಿ. ಪತ್ರಿಕೆ ಟೇಬಲ್ ಮೇಲೆ ಇಟ್ಟು ಹೋದ್ರಿ. ಇವತ್ತೂ ಶಾಲಿನ ಹಿಂದೆ ನಿಂತಿದ್ರಿ, ಕಂಬದ ಮೇಲಿಂದ ಎಲ್ಲಾ ಕಾಣ್ತೈತೆ." ಅವನು ನಗುತ್ತಿದ್ದ. ನಗುವಿನಲ್ಲಿ ಕೊಂಕಿರಲಿಲ್ಲ. "ನಾನು ಬೇರೆ ಏನೋ ಅಂದ್ಕಂಡಿದ್ದೆ. ಕೇರಿಯೋನು ಅಂತ ಹಿಂಗೆ ಮಾಡ್ತಾರೆ ಅಂದ್ಕಂಡಿದ್ದೆ. ಮನೇಲಿ ಅಂಬಿಕಾಗೂ ಹಂಗೇ ಹೇಳಿದ್ದೆ, ಗೃಹಪ್ರವೇಶಕ್ಕೆ ಬ್ಯಾಡ ಅಂತ. ಇವತ್ತು ಹೋಗಿ ಹೇಳ್ತೀನಿ, ಅದಕ್ಕಲ್ಲವಂತೆ, ಕ್ಯಾಚಿಗಂತೆ ಅಂತ. ಆಕಿ ಬಿದ್ದು ಬಿದ್ದು ನಗ್ತಾಳೆ."

ರೇಣುಕಪ್ರಸಾದ್ ಬಾಯಿ ತೆರೆದ. ಛೇ ಛೇ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಕ್ಯಾಚು ಹತ್ತನೆಯ ತರಗತಿಯಲ್ಲಿ. ಎಂಟರಲ್ಲಿ, ಒಂಬತ್ತರಲ್ಲಿ ಯಾವ ಕ್ಯಾಚೂ ಇರಲಿಲ್ಲ. ಆಗ ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ನಾಲ್ಕೈದು ಜನ ಇವರ ಮನೆಗೆ ನುಗ್ಗುತ್ತಿದ್ದರು, ಪಂಚಾಕ್ಷರಪ್ಪ ನೇರ ಅಡುಗೆಮನೆಗೆ ಹೋಗಿ ಒಲೆಯ ಪಕ್ಕ ಕೂರುತ್ತಿದ್ದ, ಅವ್ವ ಕೊಟ್ರಮ್ಮ ಒಂದೊಂದೇ ರೊಟ್ಟಿ ಬಡಿದು ಹಾಕುತ್ತಿದ್ದಳು. ಬೀರಲಿಂಗಪ್ಪನೂ ಜತೆಗೇ ಬರುತ್ತಿದ್ದ. ಅವನು ರೊಟ್ಟಿ ತಿಂದದ್ದೂ ನೆನಪಿದೆ. ಎಲ್ಲಿ ಕೂತು ತಿಂದ ಎಂದು ಹುಡುಕಿದರೆ, ಹೊಸ್ತಿಲಿನ ಆಚೆ, ಜಗಲಿಯ ತುದಿಯಲ್ಲಿ, ಮುತ್ತುಗದ ಎಲೆಯ ಮೇಲೆ, ರಸ್ತೆಗೆ ಮುಖ ಮಾಡಿ. ಎಲೆಯನ್ನು ಒಯ್ದು ಕೊಟ್ಟವನು ಯಾರು ಎಂಬುದೂ ನೆನಪಾಯಿತು.

"ಅದಕ್ಕಲ್ಲ ತಾನೆ?" ಎಂದು ಬೀರಲಿಂಗಪ್ಪ ಇನ್ನೊಮ್ಮೆ ಕೇಳಿದ.

"ಅದಕ್ಕಲ್ಲ ಮಾರಾಯ," ಎಂದ ರೇಣುಕಪ್ರಸಾದ್.

ಬೀರಲಿಂಗಪ್ಪ ನಂಬಿದ.